ತೂಬಿನ ಪಕ್ಕದ ಖಾಲಿ ಜಾಗ

ಅಹಮದಾಬಾದ್
೧೮ ನವೆಂಬರ್ ೨೦೨೩

ಲಕ್ಷ್ಮೀದೇವಮ್ಮನವರಿಗೆ ಕೀರ್ತನಳ ನಮಸ್ಕಾರ.

ಹೊಸಕೋಟೆಯ ತರಬೇತಿಯಲ್ಲಿ ನೀವು ಮೂರು ದಿನವೂ ಕೊನೆಯ ಸಾಲಿನಲ್ಲಿ ಕೂತಿದ್ದಿರಿ. ಒಂದೂ ಪ್ರಶ್ನೆ ಕೇಳಲಿಲ್ಲ, ಎಲ್ಲವನ್ನೂ ಬರೆದುಕೊಂಡಿರಿ. ಬಸ್ಸಿಗೆ ಹೊರಡುವಾಗ ಮಾತ್ರ, "ಇದನ್ನ ನಮ್ಮೂರಲ್ಲಿ ಮಾಡಿ ನೋಡ್ತೀನಿ" ಎಂದಿರಿ. ಬಂದಿದ್ದ ಮೂವತ್ತು ಜನರಲ್ಲಿ ಹಾಗೆಂದವರು ನೀವೊಬ್ಬರೇ. ಅದಕ್ಕೇ ಈ ಪಾರ್ಸೆಲ್ಲನ್ನು ನಿಮ್ಮ ಪಂಚಾಯಿತಿ ಗ್ರಂಥಾಲಯದ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ನಾನು ಬರೆಯುತ್ತಿರುವ ಕೈಪಿಡಿಯ ವಿಷಯ ಅಲ್ಲಿ ಹೇಳಿದ್ದೆ. ರಸ್ತೆ, ಉದ್ಯಾನ, ಕೆರೆಯ ದಂಡೆ ಇವನ್ನೆಲ್ಲ ವಿನ್ಯಾಸ ಮಾಡುವವರು ಅಲ್ಲಿ ಬದುಕುವವರನ್ನು ಕೇಳುವುದಿಲ್ಲ. ಕೇಳಬೇಕೆಂದುಕೊಂಡವರಿಗೂ ಹೇಗೆ ಕೇಳಬೇಕೆಂದು ಗೊತ್ತಿಲ್ಲ. ಊರಿನವರಿಗೆ, ಅದರಲ್ಲೂ ಹೆಂಗಸರಿಗೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳುವ ರೂಢಿಯಿಲ್ಲ. ಎರಡೂ ಕಡೆಯವರ ಕೈಗೆ ಒಂದೇ ಪುಸ್ತಕ ಕೊಡಬೇಕೆಂದು ನನ್ನ ಆಸೆ.

ಪಾರ್ಸೆಲ್ಲಿನಲ್ಲಿ ಮೂರು ಬಣ್ಣದ ರಂಗೋಲಿ ಪುಡಿ ಇದೆ. ಗ್ರಾಮಸಭೆಗೆ ಬಾರದ ಹೆಂಗಸರನ್ನು ಸೇರಿಸಿ, ಊರಿನ ನಕ್ಷೆಯನ್ನು ನೆಲದ ಮೇಲೆ ಅವರಿಂದಲೇ ಬರೆಯಿಸಿ. ಪುಡಿ ಅವರ ಕೈಯಲ್ಲಿರಲಿ. ತಪ್ಪು ಬರೆದರೆ ತಿದ್ದಬೇಡಿ. ಯಾವುದಾದರೂ ಜಾಗವನ್ನು ಖಾಲಿ ಬಿಟ್ಟರೆ ಅದು ಯಾರದ್ದು, ಏನು ಎಂದು ಕೇಳಬೇಡಿ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ. ಮುಗಿದ ಮೇಲೆ ಒಂದು ಫೋಟೋ ತೆಗೆದು ಅವರಿಗೂ ಪ್ರತಿ ಕೊಡಿ. ನಕ್ಷೆ ಬರೆದವರದ್ದು. ನಮ್ಮದಲ್ಲ.

ನಡೆದದ್ದನ್ನು ಫೋನಿನಲ್ಲಿ ಹೇಳದೆ ಕಾಗದದಲ್ಲಿ ಬರೆಯಿರಿ. ಫೋನಿನಲ್ಲಿ ಎಲ್ಲರೂ "ಚೆನ್ನಾಗಾಯ್ತು ಮೇಡಂ" ಎಂದಷ್ಟೇ ಕಳಿಸುತ್ತಾರೆ.

ಕೀರ್ತನ


ಜಡಿಗೇನಹಳ್ಳಿ ಹೋಬಳಿ
೧೧ ಡಿಸೆಂಬರ್ ೨೦೨೩

ಕೀರ್ತನ ಮೇಡಂ ಅವರಿಗೆ ವಂದನೆಗಳು.

ಕಳೆದ ಗುರುವಾರ ಬೆಳಿಗ್ಗೆ, ಹಾಲು ಹಾಕಿ ಮುಗಿದ ಮೇಲೆ, ಡೇರಿಯ ಮುಂದಿನ ಅಂಗಳದಲ್ಲಿ ನಕ್ಷೆ ಬರೆದೆವು. ಹದಿನಾಲ್ಕು ಹೆಂಗಸರು ಬಂದಿದ್ದರು. ಮೊದಲ ಕಾಲು ಗಂಟೆ ಯಾರೂ ಪುಡಿ ಮುಟ್ಟಲಿಲ್ಲ. ಆಮೇಲೆ ಮುತ್ತಮ್ಮ ಎಂಬಾಕೆ ಬಗ್ಗಿ, ಊರು ಬಿಟ್ಟು ಕೆರೆಯನ್ನು ಬರೆಯತೊಡಗಿದಳು. ಮುಗಿಸುವ ಹೊತ್ತಿಗೆ ಅಂಗಳದ ಮುಕ್ಕಾಲು ಭಾಗ ಕೆರೆಯೇ ಆಗಿತ್ತು.

"ಊರಿಕ್ಕಾಕೆ ಜಾಗ್ವೇ ಇಲ್ವಲ್ಲೇ ಮುತ್ತಮ್ಮ" ಎಂದು ಯಾರೋ ಅಂದರು.

"ಆ ಮೂಲೇಲಿ ಇಕ್ಕು. ಊರೇನ್ ನಿಂಗೆ ಹಿಟ್ಟಿಕ್ತದಾ?" ಎಂದಳು.

ಅವಳು ಹಾಗೆ ಅನ್ನಲು ಕಾರಣವಿದೆ. ಜಮೀನಿಲ್ಲದ ಹನ್ನೊಂದು ಹೆಂಗಸರು ಕೆರೆಯಂಗಳದಲ್ಲಿ, ನೀರು ಹಿಂದೆ ಸರಿದ ಕಡೆ, ಸೊಪ್ಪು ಬೆಳೆಯುತ್ತಾರೆ. ಒಬ್ಬೊಬ್ಬರದ್ದು ನಾಲ್ಕೈದು ಮಡಿ. ಹೊಸಕೋಟೆ ಮಾರ್ಕೆಟ್ಟಿಗೆ ಹೋಗುವ ಆ ಸೊಪ್ಪೇ ಅವರ ಜೀವನ. ಕಾಗದಪತ್ರ ಯಾವುದೂ ಇಲ್ಲ, ಕೆರೆ ಸರ್ಕಾರದ್ದು. ಯಾರಾದರೂ ಅಧಿಕಾರಿ ಬಂದು ಎಬ್ಬಿಸಿದರೆ ಎದ್ದು ಬರಬೇಕು, ಅಷ್ಟೆ. ಆ ದಿನ ಒಬ್ಬೊಬ್ಬಳೂ ತಾನು ಬೆಳೆಯುವುದರ ಒಂದು ಕಡ್ಡಿಯನ್ನು ತಂದು ತನ್ನ ಮಡಿ ಇರುವಲ್ಲಿ ಇಟ್ಟಳು. ದಂಟು, ಸಬ್ಬಸಿಗೆ, ಮೆಂತ್ಯ, ಕೀರೆ. ಒಬ್ಬಳ ಕಡ್ಡಿ ಇನ್ನೊಬ್ಬಳ ಕಡೆಗೆ ಒಂದು ಗೇಣು ಸರಿದಿದೆಯೆಂದು ಸ್ವಲ್ಪ ಜಗಳವೂ ಆಯಿತು. ನಾನು ತಿದ್ದಲಿಲ್ಲ.

ಹಳೆಯ ಪಂಚಾಯಿತಿ ಮೆಂಬರು ಮುನಿಶಾಮಪ್ಪನವರು ಹಾಲಿನ ಕ್ಯಾನು ಹಿಡಿದು ನಿಂತು ನೋಡಿದರು. "ಏನ್ರಮ್ಮಾ, ಸಂಕ್ರಾಂತಿ ಈಗ್ಲೇ ಬಂದ್ಬಿಡ್ತಾ?" ಎಂದರು. "ಇಲ್ಲ ಸಾಮಿ, ನಿಮ್ಮನೆ ಎಲ್ಲಿಕ್ಕಣ ಅಂತ ನೋಡ್ತಾ ಇದೀವಿ" ಎಂದಳು ಮುತ್ತಮ್ಮ. ಅವರ ಮಹಡಿ ಮನೆ ಬೆಂಕಿಪೊಟ್ಟಣದಷ್ಟಾಗಿ ಮೂಲೆಗೆ ಹೋಯಿತು. ಅವರೂ ನಕ್ಕರು.

ಪಿಳ್ಳಮ್ಮ ಎಂಬ ಅರವತ್ತೆಂಟು ವರ್ಷದ ಹೆಂಗಸು ಕೆರೆ ಏರಿಯನ್ನು ಬರೆದಳು. ಕೈ ನಡುಗದೆ, ಒಂದೇ ಎಳೆಯಲ್ಲಿ. ಕೆರೆಯ ನೀರು ಹೊರಬಿಡುವ ತೂಬಿನವರೆಗೆ ಬಂದು ನಿಲ್ಲಿಸಿದಳು. ಏರಿಯ ಹಿಂದೆ, ತೂಬಿನ ಪಕ್ಕದಲ್ಲಿ, ಏನನ್ನೂ ಬರೆಯಲಿಲ್ಲ, ಏನನ್ನೂ ಇಡಲಿಲ್ಲ. ಆ ಭಾಗ ಖಾಲಿ ಇದೆ. ನಿಮ್ಮ ನಿಯಮದಂತೆ ನಾನು ಕೇಳಲಿಲ್ಲ.

ಫೋಟೋ ತೆಗೆಯುವಾಗ ಮುತ್ತಮ್ಮ ಕೇಳಿದಳು: "ಇದನ್ನ ಯಾರ್ ಯಾರ್ ನೋಡ್ತಾರೆ?"

"ನಾನು, ಆ ಮೇಡಮ್ಮು. ಅಷ್ಟೆ."

"ನಿನ್ ಮಾತಾ?"

"ನನ್ ಮಾತು" ಎಂದೆ. ಫೋಟೋ ಇದರೊಂದಿಗಿದೆ.

ಲಕ್ಷ್ಮೀದೇವಮ್ಮ
ಗ್ರಂಥಾಲಯ ಮೇಲ್ವಿಚಾರಕಿ


ಅಹಮದಾಬಾದ್
೬ ಜನವರಿ ೨೦೨೪

ಪ್ರಿಯ ಲಕ್ಷ್ಮೀದೇವಮ್ಮನವರಿಗೆ,

ನಿಮ್ಮ ಪತ್ರವನ್ನು ಇಲ್ಲಿಯ ವಿದ್ಯಾರ್ಥಿಗಳಿಗೆ ಹಿಂದಿಯಲ್ಲಿ ಹೇಳಿದೆ. ಬೆಂಕಿಪೊಟ್ಟಣಕ್ಕೆ ಎಲ್ಲರೂ ನಕ್ಕರು. ನಾಲ್ಕು ವರ್ಷದಲ್ಲಿ ನನ್ನ ಕೈಗೆ ಬಂದ ನಕ್ಷೆಗಳಲ್ಲಿ ಇಷ್ಟು ಸತ್ಯವಾದದ್ದು ಇನ್ನೊಂದಿಲ್ಲ. ಸರ್ವೇ ನಕ್ಷೆಯಲ್ಲಿ ಆ ಕೆರೆ ಒಂದು ನೀಲಿ ಚುಕ್ಕೆ. ಇದರಲ್ಲಿ ಹನ್ನೊಂದು ಸಂಸಾರಗಳು ಕಾಣುತ್ತವೆ.

ಒಂದು ಬೇಡಿಕೆ. ಇದನ್ನು ಕೈಪಿಡಿಯಲ್ಲಿ ಹಾಕಬಹುದೆ? ಊರಿನ ಹೆಸರಾಗಲಿ, ಯಾರ ಹೆಸರಾಗಲಿ ಇರುವುದಿಲ್ಲ. ಅವರನ್ನು ಕೇಳಿ ತಿಳಿಸಿ. ಬೇಡವೆಂದರೆ ಹಾಕುವುದಿಲ್ಲ. ಜನರ ಕಣ್ಣಿಗೆ ಬೀಳದ ಜಾಗವನ್ನು ಯಾರು ಬೇಕಾದರೂ ಅಳಿಸಬಹುದು; ಬಿದ್ದರೆ ಅಳಿಸುವುದು ಕಷ್ಟ ಎಂದು ನಾನು ನಂಬಿದ್ದೇನೆ.

ಇನ್ನೊಂದು, ಬರೀ ನನ್ನ ತಿಳಿವಳಿಕೆಗೆ. ತೂಬಿನ ಪಕ್ಕದ ಖಾಲಿ ಜಾಗ ಯಾರದ್ದೂ ಅಲ್ಲ ತಾನೆ?

ನನ್ನನ್ನು ಮೇಡಂ ಎನ್ನಬೇಡಿ. ನಿಮಗಿಂತ ಹದಿನೈದು ವರ್ಷ ಚಿಕ್ಕವಳು.

ಕೀರ್ತನ


ಜಡಿಗೇನಹಳ್ಳಿ ಹೋಬಳಿ
೨ ಫೆಬ್ರವರಿ ೨೦೨೪

ಕೀರ್ತನಮ್ಮನಿಗೆ,

ಹೆಂಗಸರನ್ನು ಕೇಳಿದೆ. ಎರಡು ಸಂಜೆ ಮಾತಾಡಿದರು. ಊರಿನ ಹೆಸರು ಬರಬಾರದು ಎಂಬ ಷರತ್ತಿನ ಮೇಲೆ ಒಪ್ಪಿದ್ದಾರೆ. "ಪುಸ್ತಕ್ದಲ್ಲಿ ಬಂದ್ರೆ ನಾಳೆ ಯಾವನಾದ್ರೂ ಬಂದು ಎದ್ದೋಗ್ರಿ ಅಂದಾಗ ತೋರ್ಸಾಕಾದ್ರೂ ಆಯ್ತದೆ" ಎಂಬುದು ಮುತ್ತಮ್ಮನ ವಾದ. ಅದು ನೀವು ಬರೆದ ಮಾತೇ. ನಾನು ಓದಿ ಹೇಳಿದ್ದೆ.

ಅವರು ಈಗ ಪುಡಿಯನ್ನು ಬಿಡುವ ಹಾಗಿಲ್ಲ. ಹೋದ ವಾರ ಬೀದಿ ನಲ್ಲಿಯ ಸರದಿಗೆ ಜಗಳವಾದಾಗ, ಯಾರ ಮನೆಯಿಂದ ಎಷ್ಟು ಕೊಡ ಎಂದು ನೆಲದ ಮೇಲೆ ಬರೆದು ತಾವೇ ಬಗೆಹರಿಸಿಕೊಂಡರು. ನನ್ನನ್ನು ಕರೆಯಲೂ ಇಲ್ಲ.

ನೀವು ಕೇಳಿದ ಜಾಗ ಯಾರದ್ದೂ ಅಲ್ಲ. ಅಲ್ಲಿ ಕೆಸರು.

ಲಕ್ಷ್ಮೀದೇವಮ್ಮ


ಅಹಮದಾಬಾದ್
೨೦ ಜೂನ್ ೨೦೨೪

ಪ್ರೀತಿಯ ಲಕ್ಷ್ಮೀದೇವಮ್ಮಕ್ಕ,

ಇಷ್ಟು ದಿನ ಬರೆಯಲಾಗಲಿಲ್ಲ. ಕೈಪಿಡಿಗೆ ಅಚ್ಚಿನ ಖರ್ಚು ಹೊಂದಿಸುವುದರಲ್ಲಿ ನಾಲ್ಕು ತಿಂಗಳು ಹೋಯಿತು. ಈಗ ಅದು ಪರಿಹಾರವಾಗಿದೆ. ಬೆಂಗಳೂರಿನ ಒಂದು ವಿನ್ಯಾಸ ಸಂಸ್ಥೆ ಮುಂದೆ ಬಂದಿದೆ. ಕೆರೆಗಳ ಪುನರುಜ್ಜೀವನ ಅವರ ಕೆಲಸ. ಜನರನ್ನು ಕೇಳಿಯೇ ಮಾಡಬೇಕೆಂಬ ಹಟವಿರುವ ಹುಡುಗ ಹುಡುಗಿಯರು. ಅವರಿಗೆ ಎರಡು ದಿನ ತರಬೇತಿ ಕೊಟ್ಟೆ. ನಿಮ್ಮ ನಕ್ಷೆಯನ್ನು ಗೋಡೆಗೆ ಹಾಕಿ, ಇದರಲ್ಲಿ ನಿಮಗೆ ಏನೇನು ಕಾಣುತ್ತದೆ ಎಂದು ಒಂದು ಗಂಟೆ ಮಾತಾಡಿಸಿದೆ. ಊರಿನ ಹೆಸರು ಹೇಳಲಿಲ್ಲ.

ನಿಮ್ಮ ಕಡೆ ಮಳೆ ಹೇಗಿದೆ? ಸೊಪ್ಪಿನ ಮಡಿಗಳು ಎಲ್ಲಿಯವರೆಗೆ ಬಂದಿವೆ? ನೀವು ಬರೆಯದಿದ್ದರೆ ಎಲ್ಲ ಚೆನ್ನಾಗಿದೆ ಎಂದು ತಿಳಿಯುತ್ತೇನೆ.

ಕೀರ್ತನ


ಜಡಿಗೇನಹಳ್ಳಿ ಹೋಬಳಿ
೨೫ ಆಗಸ್ಟ್ ೨೦೨೪

ಕೀರ್ತನಮ್ಮನಿಗೆ,

ನಮ್ಮ ಕೆರೆ ಅಭಿವೃದ್ಧಿಯಾಗುತ್ತದಂತೆ. ನಡೆದಾಡುವ ದಾರಿ, ಬೇಲಿ, ಗೇಟು, ಗಾಡಿ ನಿಲ್ಲಿಸುವ ಜಾಗ. ಪಂಚಾಯಿತಿ ಒಪ್ಪಿದೆ. ಹೋದ ಭಾನುವಾರ ಭಾನುಪ್ರಕಾಶ್ ಎಂಬ ಹುಡುಗ, ಪ್ರಿಯಾಂಕ ಎಂಬ ಹುಡುಗಿ ಬಂದು ಪಂಚಾಯಿತಿ ಕಟ್ಟಡದಲ್ಲಿ ಸಭೆ ಮಾಡಿದರು. ಇಬ್ಬರೂ ಮರ್ಯಾದಸ್ಥರು. ಚಪ್ಪಲಿ ಹೊರಗೆ ಬಿಟ್ಟು, ಹೆಂಗಸರ ಜೊತೆ ನೆಲದ ಮೇಲೆಯೇ ಕೂತರು.

ಅವರು ಬಿಚ್ಚಿ ಹಾಸಿದ್ದು ನಮ್ಮ ನಕ್ಷೆ. ಡೇರಿ ಮುಂದೆ ಬರೆದದ್ದೇ, ಮಂಚದಷ್ಟು ಅಗಲಕ್ಕೆ ಅಚ್ಚು ಹಾಕಿಸಿದ್ದರು. ಹೆಂಗಸರಿಗೆ ಖುಷಿಯಾಯಿತು. ತಂತಮ್ಮ ಕಡ್ಡಿಗಳನ್ನು ಮುಟ್ಟಿ ಮುಟ್ಟಿ ನೋಡಿದರು. ನಾನು ಹುಡುಗನನ್ನು ಪಕ್ಕಕ್ಕೆ ಕರೆದು, ಊರು ಯಾವುದೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಕೆರೆ ಶೇಪ್ ಗೊತ್ತಾದ್ರೆ ಆಯ್ತು ಮೇಡಂ, ಫೋನಲ್ಲಿ ಐದ್ ನಿಮಿಷ. ಈ ಹೋಬಳಿ ಕೆರೆಗಳೆಲ್ಲ ನಮ್ಮ ಲಿಸ್ಟಲ್ಲೇ ಇತ್ತು" ಎಂದ. ಮುಚ್ಚಿಡಬೇಕಾದದ್ದು ಏನೋ ಇದೆ ಎಂದು ಅವನಿಗೆ ಅನಿಸಿರಲಿಲ್ಲ.

ಗೇಟು ಎಲ್ಲಿರಬೇಕೆಂದು ಊರಿನವರೇ ಹೇಳಬೇಕಂತೆ. ಎಲ್ಲರಿಗೂ ಹಸಿರು ಕೆಂಪು ಸ್ಟಿಕ್ಕರು ಹಂಚಿದರು.

"ಗೇಟೇ ಬ್ಯಾಡ ಅನ್ನಾಕೆ ಯಾವ್ ಬಣ್ಣವಮ್ಮ?" ಎಂದಳು ಮುತ್ತಮ್ಮ.

ಪ್ರಿಯಾಂಕ ಸ್ವಲ್ಪ ಯೋಚಿಸಿ, "ಗೇಟು ಎಲ್ಲಾದ್ರೂ ಒಂದ್ ಕಡೆ ಬರ್ಲೇಬೇಕು ಆಂಟಿ. ಎಲ್ಲಿ ಬೇಡ ಅಂತ ಹೇಳಿ. ಅದಕ್ಕೆ ಕೆಂಪು" ಎಂದಳು.

"ಹಂಗಾದ್ರೆ ನಮ್ ಸೊಪ್ಪಿನ್ ತಾವ ಬ್ಯಾಡ."

ಹನ್ನೊಂದು ಜನವೂ ತಂತಮ್ಮ ಮಡಿಯ ಮೇಲೆ ಕೆಂಪು ಅಂಟಿಸಿದರು. ಗಂಡಸರು ಸ್ಮಶಾನದ ದಾರಿಯ ಮೇಲೆ, ಸಪ್ಪಲಮ್ಮನ ಗುಡಿಯ ಮೇಲೆ ಅಂಟಿಸಿದರು. ತೂಬಿನ ಪಕ್ಕ ಮಾತ್ರ ಬಿಳಿಯಾಗಿ ಉಳಿಯಿತು. ಸಭೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಅಜ್ಜಿ, ನೀವು ಅಂಟಿಸ್ಲೇ ಇಲ್ವಲ್ಲ" ಎಂದು ಹುಡುಗ ಪಿಳ್ಳಮ್ಮನನ್ನು ಕೇಳಿದ.

"ನಂಗ್ಯಾಕಪ್ಪ. ನಂದೇನೈತೆ ಅಲ್ಲಿ" ಎಂದಳು. ಅವಳ ಅಂಗೈಯಲ್ಲಿದ್ದ ಸ್ಟಿಕ್ಕರುಗಳನ್ನು ಮುತ್ತಮ್ಮನ ಮೊಮ್ಮಗಳು ತೆಗೆದುಕೊಂಡು ಹಣೆಗೆ ಅಂಟಿಸಿಕೊಂಡಳು. ಎಲ್ಲರೂ ನಕ್ಕರು. ಹುಡುಗಿ ಫೋಟೋ ತೆಗೆದಳು.

ನಕ್ಷೆ ಅವರ ಕೈಗೆ ಹೋದದ್ದು ನಿಮ್ಮಿಂದಲೇ ಎಂಬುದನ್ನು ನಾನು ಊಹಿಸಬಲ್ಲೆ. ಆದರೂ ನಿಮ್ಮ ಬಾಯಿಂದ ತಿಳಿಯಬೇಕು. ನಾನು ಮಾತು ಕೊಟ್ಟಿದ್ದೆ.

ಲಕ್ಷ್ಮೀದೇವಮ್ಮ


ಅಹಮದಾಬಾದ್
೯ ಸೆಪ್ಟೆಂಬರ್ ೨೦೨೪

ಅಕ್ಕ,

ಹೌದು, ನಾನೇ ಕೊಟ್ಟೆ. ತರಬೇತಿ ಮುಗಿದ ಮೇಲೆ ಭಾನುಪ್ರಕಾಶ್ ನಕ್ಷೆಯ ಪ್ರತಿ ಕೇಳಿದ. ಕೈಪಿಡಿಯಲ್ಲಿ ಹೇಗೂ ಬರುವುದಲ್ಲವೇ ಎಂದುಕೊಂಡೆ. ಅವರ ಪಟ್ಟಿಯಲ್ಲಿ ನಿಮ್ಮ ಕೆರೆಯೂ ಇದೆಯೆಂದು ಆಮೇಲೆ ತಿಳಿಯಿತು. ಆಗ ನಿಜವಾಗಿ ನನಗೆ ಸಮಾಧಾನವೇ ಆಯಿತು. ನಕ್ಷೆ ನೋಡದ ಯಾರೋ ಬಂದು ಅಂಗಳವನ್ನೆಲ್ಲ ಅಗೆದು ದಾರಿ ಮಾಡುವುದಕ್ಕಿಂತ, ಮಡಿಗಳು ಯಾರ ಯಾರವು ಎಂದು ತಿಳಿದವರು ಮಾಡಲಿ ಎನಿಸಿತು.

ಅವರ ವಿನ್ಯಾಸ ನೋಡಿದ್ದೇನೆ. ಹನ್ನೊಂದು ಜನರ ಮಡಿಗಳೂ ಹಾಗೆಯೇ ಉಳಿದಿವೆ. "ಸೊಪ್ಪಿನ ತೋಟ" ಎಂದು ಹೆಸರು ಹಾಕಿ ಹಸಿರು ಬಣ್ಣ ಕೊಟ್ಟಿದ್ದಾರೆ. ಸರ್ಕಾರಿ ಕೆರೆಯ ಅಧಿಕೃತ ನಕ್ಷೆಯಲ್ಲಿ ಆ ಹೆಂಗಸರ ಬೆಳೆ ಕಾಣಿಸುವುದು ಇದೇ ಮೊದಲು. ತೂಬಿನ ಪಕ್ಕ ಒಂದು ಖಾಲಿ ಜಾಗ ಸಿಕ್ಕಿದ್ದರಿಂದಲೇ ಹನ್ನೊಂದು ಜನರದ್ದೂ ಉಳಿದವು. ಇದನ್ನು ಅವರಿಗೆ ಹೇಳಿ.

ನಿಮ್ಮನ್ನು ಕೇಳದೆ ಕೊಟ್ಟದ್ದು ತಪ್ಪು. ಆದರೆ ಫಲ ಕೆಟ್ಟದ್ದಾಗಲಿಲ್ಲವಲ್ಲ.

ಕೀರ್ತನ


ಅಹಮದಾಬಾದ್
೨೮ ನವೆಂಬರ್ ೨೦೨೪

ಅಕ್ಕ,

ನಿಮ್ಮಿಂದ ಉತ್ತರವಿಲ್ಲ. ಸುಗ್ಗಿಯ ಕಾಲ, ಗ್ರಂಥಾಲಯದಲ್ಲಿ ಮಕ್ಕಳ ಕಾರ್ಯಕ್ರಮಗಳೂ ಇರುತ್ತವೆ, ಬಿಡುವಿರಲಿಕ್ಕಿಲ್ಲ.

ಕೈಪಿಡಿ ಬಂತು. ಎರಡು ಪ್ರತಿ ಕಳಿಸಿದ್ದೇನೆ, ಒಂದು ನಿಮಗೆ, ಒಂದು ಗ್ರಂಥಾಲಯಕ್ಕೆ. ನಿಮ್ಮ ನಕ್ಷೆ ಇರುವ ಮೂವತ್ತನಾಲ್ಕನೆಯ ಪುಟ ನೋಡಿ. ಬಿಡುಗಡೆಯ ದಿನ ಒಬ್ಬ ಹಿರಿಯ ವಾಸ್ತುಶಿಲ್ಪಿ ಆ ಪುಟ ತೆರೆದು ಬಹಳ ಹೊತ್ತು ನೋಡುತ್ತ ನಿಂತಿದ್ದರು. ನಾನು ನಿಮ್ಮ ಬಗ್ಗೆ ಹೇಳಿದೆ. ನಿಮ್ಮನ್ನು ಮುಂದಿನ ತರಬೇತಿಗೆ ಕರೆಸಿ, ನೀವೇ ಡಿಸೈನರುಗಳಿಗೆ ಪಾಠ ಹೇಳಬೇಕೆಂದು ಎಲ್ಲರ ಅಭಿಪ್ರಾಯ. ಬರುತ್ತೀರಾ?

ಕೀರ್ತನ


ಜಡಿಗೇನಹಳ್ಳಿ ಹೋಬಳಿ
೧೯ ಜನವರಿ ೨೦೨೫

ಕೀರ್ತನ ಮೇಡಂ ಅವರಿಗೆ,

ಪುಸ್ತಕಗಳು ತಲುಪಿದವು. ಒಂದನ್ನು ದಾಖಲೆಗೆ ಸೇರಿಸಿ ಕಪಾಟಿನಲ್ಲಿಟ್ಟಿದ್ದೇನೆ.

ಮೊನ್ನೆ ಹದಿನಾರನೆಯ ತಾರೀಖು ಜೆಸಿಬಿ ಬಂತು. ತೂಬಿನ ಪಕ್ಕದಿಂದ ಕೆಲಸ ಶುರುವಾಯಿತು. ಅಲ್ಲಿ ಒಂಬತ್ತು ಮಡಿ ದಂಟಿತ್ತು. ತೂಬಿನ ಒಸರಿನಿಂದ ಬೇಸಿಗೆಯಲ್ಲೂ ಆ ನೆಲ ಆರುವುದಿಲ್ಲ. ಕೆರೆಯಂಗಳದ ಮಡಿಗಳು ಒಣಗಿದಾಗಲೂ ಅಲ್ಲಿ ಕೊಯ್ಲು ಇರುತ್ತದೆ. ಇಪ್ಪತ್ತಾರು ವರ್ಷದಿಂದ ಅದನ್ನು ಮಾಡುತ್ತಿದ್ದವಳು ಪಿಳ್ಳಮ್ಮ. ಪಿಳ್ಳಮ್ಮ ನನ್ನ ತಾಯಿ.

ಇದನ್ನು ನಿಮಗೆ ಬರೆಯದಿರಲು ಕಾರಣವಿತ್ತು. ಎರಡು ವರ್ಷದ ಹಿಂದೆ, ಊರಿಗೆ ನೀರು ಬಿಡುತ್ತಿದ್ದ ನೀರುಗಂಟಿ ಕೆಂಪರಾಜ್‌ನ ಅಣ್ಣ ಸರ್ಕಾರಿ ಜಾಗದಲ್ಲಿ ಕುರಿ ಶೆಡ್ಡು ಹಾಕಿದನೆಂದು ಯಾರೋ ಅರ್ಜಿ ಕೊಟ್ಟರು. ಪಂಚಾಯಿತಿಯಿಂದ ಸಂಬಳ ತೆಗೆದುಕೊಳ್ಳುವವರ ಮನೆಯವರೇ ಒತ್ತುವರಿ ಮಾಡಿದರೆ ಹೇಗೆ ಎಂದು ಕೆಂಪರಾಜ್‌ನನ್ನು ಕೆಲಸದಿಂದ ಬಿಡಿಸಿದರು. ನನ್ನ ಗಂಡ ಹೋದ ಮೇಲೆ ನಾನು, ನನ್ನ ಮಗಳು ತಾಯಿಯ ಮನೆಯಲ್ಲಿದ್ದೇವೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ನನ್ನ ಸಂಬಳವೂ ಪಂಚಾಯಿತಿಯದ್ದೇ. ಡೇರಿ ಮುಂದೆ ಅಮ್ಮ ಆ ಜಾಗವನ್ನು ಖಾಲಿ ಬಿಟ್ಟದ್ದು ನನ್ನ ಕೆಲಸಕ್ಕೋಸ್ಕರ. ಅದು ನನಗೆ ಆಗಲೇ ಗೊತ್ತಾಯಿತು. ಕೇಳಬಾರದೆಂಬ ನಿಮ್ಮ ನಿಯಮ ನನಗೆ ಅನುಕೂಲವಾಗಿತ್ತು. ಆಮೇಲೆ ನೀವೇ ಕೇಳಿದಿರಿ. ಯಾರದ್ದೂ ಅಲ್ಲ ಎಂದು ನಾನು ಬರೆದೆ.

ಊರಿನವರಿಗೆಲ್ಲ ಗೊತ್ತಿತ್ತು. ಸ್ಟಿಕ್ಕರು ಅಂಟಿಸುವಾಗಲೂ ಗೊತ್ತಿತ್ತು.

ಜೆಸಿಬಿ ನಿಂತಾಗ ಗುತ್ತಿಗೆದಾರನ ಕಡೆಯವನು ಬೆಳೆ ನೋಡಿ ಹಿಂಜರಿದ. ಕೈಯಲ್ಲಿ ನಕ್ಷೆ ಹಿಡಿದು, "ಇಲ್ಲಿ ಖಾಲಿ ಅಂತ ಇದೆ. ಯಾರ್ದಮ್ಮ ಇದು? ಈಗ್ಲೇ ಹೇಳ್ಬಿಡಿ, ಆಮೇಲೆ ಗಲಾಟೆ ಬೇಡ" ಎಂದ. ಹತ್ತಿಪ್ಪತ್ತು ಜನ ಸೇರಿದ್ದರು. ಪಂಚಾಯಿತಿ ಕಾರ್ಯದರ್ಶಿಯೂ ಇದ್ದರು, ನಾನೂ ಇದ್ದೆ. ನನ್ನದು ಎಂದು ಅನ್ನುವುದಕ್ಕೆ ಬೇಕಾದಷ್ಟು ಹೊತ್ತು ಅವನು ಕಾದ. ಅಮ್ಮ ನನ್ನ ಕಡೆ ನೋಡಲಿಲ್ಲ.

"ಯಾರ್ದೂ ಅಲ್ಲ ಸಾಮಿ. ತಾನಾಗೇ ಬೆಳ್ಕೊಂಡೈತೆ" ಎಂದಳು.

ಮಡಿ ಕಟ್ಟಿ, ಕಾಲುವೆ ತೆಗೆದು, ಸಾಲು ಹಿಡಿದು ಬಿತ್ತಿದ ದಂಟು. ಅವನು ನಕ್ಕು ಡ್ರೈವರನಿಗೆ ಕೈ ಮಾಡಿದ. "ಒಂದೀಟು ತಾಳಪ್ಪ, ಕೊಯ್ಕೋತೀವಿ" ಎಂದು ಮುತ್ತಮ್ಮ ಮುಂದೆ ಹೋದಳು. ಅಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು. ಕೊಯ್ದರೆ ಯಾರದ್ದೆಂದು ಗೊತ್ತಾಗಿಬಿಡುತ್ತದೆ ಎಂದು.

ಹತ್ತು ನಿಮಿಷದ ಕೆಲಸ.

ತರಬೇತಿಗೆ ನಾನು ಬರುವುದಿಲ್ಲ.

ಲಕ್ಷ್ಮೀದೇವಮ್ಮ


ಅಹಮದಾಬಾದ್
೧೬ ಫೆಬ್ರವರಿ ೨೦೨೫

ಅಕ್ಕ,

ಈ ಪತ್ರವನ್ನು ಆರು ಸಲ ಶುರು ಮಾಡಿದ್ದೇನೆ.

ನಿಮ್ಮ ಪತ್ರ ಬಂದ ದಿನವೇ ಸಂಸ್ಥೆಗೆ ಫೋನು ಮಾಡಿದೆ. ಗೇಟಿನ ಜಾಗ ಬದಲಿಸಿ ಎಂದೆ. ಅಲ್ಲಿ ಬೆಳೆ ಇತ್ತು, ಅದಕ್ಕೆ ಒಡತಿ ಇದ್ದಾಳೆ ಎಂದೆ. ಹೆಸರು ಹೇಳಲಿಲ್ಲ, ಅಷ್ಟು ಮಾತ್ರ ಈ ಸಲ ಜ್ಞಾಪಕವಿತ್ತು. ಅವರು ಸ್ಟಿಕ್ಕರು ಸಭೆಯ ಫೋಟೋ ಕಳಿಸಿದರು. ಸಮುದಾಯದ ಒಪ್ಪಿಗೆ ದಾಖಲಾಗಿದೆ ಎಂದರು. ಆ ಫೋಟೋದಲ್ಲಿ ನಿಮ್ಮ ತಾಯಿ ಇದ್ದಾರೆ. ಯಾರು ಎಂದು ಯಾರೂ ತೋರಿಸದೆಯೇ ನನಗೆ ಗೊತ್ತಾಯಿತು. ಎಲ್ಲರೂ ನಗುತ್ತಿದ್ದಾರೆ, ಅವರೂ ಕೂಡ.

ನಾನೂ ಮುಚ್ಚಿಟ್ಟದ್ದಿದೆ. ಅವರ ಪಟ್ಟಿಯ ಒಂದು ಕೆರೆಯ ಗೇಟಿಗೆ ಯಾವ ಜಾಗ ಸೂಕ್ತವೆಂದು ಭಾನುಪ್ರಕಾಶ್ ಮಾರ್ಚಿನಲ್ಲೇ, ಅವರು ನಿಮ್ಮೂರಿಗೆ ಬರುವ ಐದು ತಿಂಗಳು ಮೊದಲೇ, ನನ್ನನ್ನು ಕೇಳಿದ್ದ. ನಿಮ್ಮ ಫೆಬ್ರವರಿಯ ಪತ್ರ ನನ್ನ ಮೇಜಿನ ಮೇಲಿತ್ತು. ಅದನ್ನು ನೋಡಿಕೊಂಡೇ, ತೂಬಿನ ಪಕ್ಕ ಎಂದು ಉತ್ತರ ಬರೆದೆ. ಅದು ನಿಮ್ಮ ಊರಿನ ಕೆರೆಯೆಂದು ಆಗಲೇ ಗೊತ್ತಿತ್ತು; ಆಮೇಲೆ ತಿಳಿಯಿತೆಂದು ನಿಮಗೆ ಬರೆದದ್ದು ಸುಳ್ಳು. ತರಬೇತಿ ಆದದ್ದು ಆಮೇಲೆ. ಅಚ್ಚಿನ ಖರ್ಚಿಗೆ ಅವರು ಒಪ್ಪಿದ್ದೂ ಆಮೇಲೆ. ಬರೀ ನನ್ನ ತಿಳಿವಳಿಕೆಗೆ ಎಂದು ನಾನು ನಿಮ್ಮನ್ನು ಕೇಳಿದ ಪ್ರಶ್ನೆಯಿಂದ ಇದೆಲ್ಲ ಆಯಿತು. ಕೇಳಬಾರದೆಂದು ಬರೆದವಳೂ ನಾನೇ.

ಪುಸ್ತಕದ ಮುಂದಿನ ಮುದ್ರಣದಿಂದ ಆ ಪುಟ ತೆಗೆಸುತ್ತೇನೆ. ಅದರ ಬದಲು ಒಂದು ಅಧ್ಯಾಯ ಬರೆಯಬೇಕೆಂದಿದ್ದೇನೆ, ಈ ವಿಧಾನ ಹೇಗೆ ಸೋಲುತ್ತದೆ ಎಂದು. ನಿಮ್ಮ ಪತ್ರಗಳನ್ನು ಇದ್ದ ಹಾಗೆಯೇ, ಹೆಸರು ಬದಲಿಸಿ, ಅದರಲ್ಲಿ ಹಾಕಲೆ? ಇನ್ನೊಂದು ಊರಿನಲ್ಲಿ ಇನ್ನೊಬ್ಬರು ಹೀಗೆ ಕಳೆದುಕೊಳ್ಳದಿರಲಿ ಎಂದು ಕೇಳುತ್ತಿದ್ದೇನೆ. ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲೂ ಇರಬಹುದು, ಗೊತ್ತಿಲ್ಲ.

ಅಮ್ಮ ಹೇಗಿದ್ದಾರೆ?

ಕೀರ್ತನ


ಜಡಿಗೇನಹಳ್ಳಿ ಹೋಬಳಿ
೪ ಮೇ ೨೦೨೫

ಕೀರ್ತನ ಮೇಡಂ ಅವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಹೇಳುವುದನ್ನು ಕ್ರಮವಾಗಿ ಹೇಳಬೇಕೆಂದು ಕಾದೆ.

ಕೆರೆಯ ಕೆಲಸ ಯುಗಾದಿಗೆ ಮುಗಿಯಿತು. ಸುತ್ತ ಬೇಲಿ ಬಂದಿದೆ. ಹನ್ನೊಂದು ಜನರ ಮಡಿಗಳೂ ಬೇಲಿಯ ಒಳಗೆ ಹಾಗೆಯೇ ಇವೆ, ನೀವು ಬರೆದಂತೆ. "ಸೊಪ್ಪಿನ ತೋಟ" ಎಂದು ಬೋರ್ಡನ್ನೂ ನೆಟ್ಟಿದ್ದಾರೆ. ಗೇಟನ್ನು ಬೆಳಿಗ್ಗೆ ಆರಕ್ಕೆ ತೆಗೆಯುತ್ತಾರೆ. ಸೊಪ್ಪನ್ನು ನಾಲ್ಕಕ್ಕೆ ಕೊಯ್ದು, ತೊಳೆದು, ಕಟ್ಟು ಕಟ್ಟಿ ಐದೂಕಾಲರ ಮೊದಲ ಬಸ್ಸಿಗೆ ಹಾಕಬೇಕು. ಆರಕ್ಕೆ ಒಳಗೆ ಹೋಗಿ ಕೊಯ್ದರೆ ಮಾರ್ಕೆಟ್ಟಿಗೆ ಮುಟ್ಟುವಾಗ ಎಂಟೂವರೆ. ಅಷ್ಟರಲ್ಲಿ ಸಗಟು ಕೊಳ್ಳುವವರು ಹೋಗಿರುತ್ತಾರೆ, ಬಿಸಿಲಿಗೆ ಸೊಪ್ಪೂ ಬಾಡಿರುತ್ತದೆ. ಎಷ್ಟು ಹೊತ್ತಿಗೆ ಕೊಯ್ಯುತ್ತೀರಿ ಎಂದು ನಾವು ಯಾರೂ ಆ ಹೆಂಗಸರನ್ನು ಕೇಳಿರಲಿಲ್ಲ. ನೆಲದ ಮೇಲೆ ಬರೆದ ನಕ್ಷೆಯಲ್ಲಿ ಹೊತ್ತು ಕಾಣುವುದಿಲ್ಲ. ಮುತ್ತಮ್ಮ ಒಂದು ದಿನ ನಾಲ್ಕಕ್ಕೆ ಬೇಲಿ ದಾಟಲು ಹೋಗಿ ಮೊಣಕಾಲು ಕುಯ್ದುಕೊಂಡಳು. ಕೀ ಕೇಳಿಕೊಂಡು ಎರಡು ಅರ್ಜಿ ಬರೆದುಕೊಟ್ಟೆ. ಉತ್ತರ ಬಂದಿಲ್ಲ. ಈಗ ಆರು ಜನ ಬಿಟ್ಟಿದ್ದಾರೆ. ಉಳಿದವರು ತಳ್ಳುಗಾಡಿಯವನಿಗೆ ಅವನು ಹೇಳಿದ ದರಕ್ಕೆ ಕೊಡುತ್ತಾರೆ.

ಮುತ್ತಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಬೈದಿದ್ದರೆ ಚೆನ್ನಾಗಿತ್ತು.

ಹೋದ ತಿಂಗಳು ಕುಡಿಯುವ ನೀರಿನ ಸಮೀಕ್ಷೆಗೆಂದು ಒಬ್ಬಳು ಬಂದಿದ್ದಳು. ಪಾಪ, ಒಳ್ಳೆಯ ಹುಡುಗಿ. ಎಷ್ಟು ಕೊಡ ಬೇಕು, ಎಲ್ಲಿಂದ ತರುತ್ತೀರಿ ಎಂದು ಕೇಳಿದಳು. "ನಮಗ್ಗೊತ್ತಿಲ್ಲ ಕಣಮ್ಮ, ಗಂಡಸ್ರನ್ನ ಕೇಳು" ಎಂದು ಮನೆಮನೆಯಲ್ಲೂ ಅಂದರು. ನಲ್ಲಿ ಸರದಿಯನ್ನು ತಾವೇ ಬರೆದು ಬಗೆಹರಿಸಿಕೊಂಡಿದ್ದ ಹೆಂಗಸರೇ. ನಮ್ಮ ಬೀದಿಗೆ ನೀರಿನ ತೊಂದರೆ ಇಲ್ಲವೆಂದು ಬರೆದುಕೊಂಡು ಹೋದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಹೇಳಿ ಎಂದು ಅವರಿಗೆ ಹೇಳುವ ಬಾಯಿ ನನಗೆ ಉಳಿದಿರಲಿಲ್ಲ.

ಪತ್ರಗಳನ್ನು ಪುಸ್ತಕದಲ್ಲಿ ಹಾಕಬೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ. ಅದನ್ನು ಓದಿದವರು, ಮುಂದಿನ ಸಲ ಖಾಲಿ ಜಾಗ ಕಂಡ ಕೂಡಲೇ ಇನ್ನೂ ನಯವಾಗಿ, ಇನ್ನೂ ಚೆನ್ನಾಗಿ ಕೇಳುವುದನ್ನು ಕಲಿಯುತ್ತಾರೆ. ಕೇಳಿದರೆ ನಮ್ಮಂಥವರು ಹೇಳಿಬಿಡುತ್ತೇವೆ, ಇಲ್ಲವೇ ಸುಳ್ಳು ಹೇಳುತ್ತೇವೆ. ಎರಡರಲ್ಲಿ ಯಾವುದಾದರೆ ಜಾಗ ಉಳಿಯುತ್ತದೆಂದು ನಿಮ್ಮ ಪುಸ್ತಕ ಹೇಳುವುದಾದರೆ ಆಗ ಹಾಕಿ. ನನಗೆ ಅದು ಗೊತ್ತಿಲ್ಲ.

ನೀವು ನಿಮ್ಮ ಭಾಗದ್ದನ್ನು ಬರೆದಿರಿ. ಓದಿದೆ. ನಿಮ್ಮ ಪ್ರಶ್ನೆಗೆ ಉತ್ತರ ಬರೆದದ್ದು ನನ್ನ ಕೈ. ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ಅಮ್ಮ ಹೇಗಿದ್ದಾಳೆಂದು ಕೇಳಿದ್ದಿರಿ. ಚೆನ್ನಾಗಿದ್ದಾಳೆ. ಕೆರೆ ನೋಡಿಕೊಳ್ಳುವ ಗುತ್ತಿಗೆಯವರು ಗುಡಿಸಲು ಸ್ಥಳೀಯರೇ ಬೇಕೆಂದರು. ಅವಳು ತಾನೇ ಹೋಗಿ ಹೆಸರು ಬರೆಸಿದಳು. ಬೇಡವೆಂದು ನಾನು ಎಷ್ಟೋ ಹೇಳಿದೆ. "ಕೂತ್ಕಂಡು ಏನ್ ಮಾಡ್ಲಿ, ಲಕ್ಷ್ಮೀ? ಕಾಲು ಆ ಕಡೇಕೇ ಹೋಯ್ತವೆ" ಎಂದಳು. ಹಸಿರು ಕೋಟು ಕೊಟ್ಟಿದ್ದಾರೆ, ಕೊರಳಿಗೆ ಒಂದು ಕಾರ್ಡೂ ಇದೆ. ಗೇಟಿನ ಮುಂದೆ ಗಾಡಿ ನಿಲ್ಲಿಸುವ ಜಾಗ ಅವಳ ಪಾಲಿನದ್ದು. ಅಲ್ಲಿ ಸಿಮೆಂಟಿನ ಇಟ್ಟಿಗೆ ಹಾಸಿದ್ದಾರೆ. ಕೆಳಗಿನ ನೆಲ ಇನ್ನೂ ಒಸರುತ್ತದೆ, ಬೀಜವೂ ಅದರಲ್ಲೇ ಉಳಿದಿದೆ. ಹಾಗಾಗಿ ಸಂದುಸಂದಿನಲ್ಲೂ ದಂಟು ಏಳುತ್ತದೆ. ದಿನಾ ಅದನ್ನು ಕಿತ್ತು ಹಾಕುವುದು ಅವಳ ಕೆಲಸ.

ಕಿತ್ತದ್ದಕ್ಕೆ ಸಾಕ್ಷಿ ಬೇಕಂತೆ. ಒಂದು ಕಡೆ ರಾಶಿ ಹಾಕಿ, ಬೆಳಿಗ್ಗೆ ಎಂಟರೊಳಗೆ ಅದರ ಫೋಟೋವನ್ನು ಮೇಸ್ತ್ರಿಯ ನಂಬರಿಗೆ ಕಳಿಸಬೇಕು. ಅವಳಿಗೆ ಫೋನು ಬಳಸಲು ಬರುವುದಿಲ್ಲ. ಗ್ರಂಥಾಲಯ ತೆಗೆಯುವ ಮೊದಲು ದಿನಾ ಹೋಗಿ ಆ ಫೋಟೋ ನಾನು ತೆಗೆಯುತ್ತೇನೆ.

ಲಕ್ಷ್ಮೀದೇವಮ್ಮ